ಕತ್ತಿಯ ಕ್ಷೌರ ಮುಗಿಯುವವರೆಗೂ ನೊರೆ ಒಣಗದಿರಬೇಕೆಂದರೆ

ಹಿಡಿಯೊಳಗೆ ಮಡಚುವ ಉದ್ದಲಗಿನ ಕತ್ತಿಯಲ್ಲಿ ಗಡ್ಡ ತೆಗೆಯಲು ಹೊಸಬರಿಗೆ ಒಂದು ಸುತ್ತಿಗೇ 10–15 ನಿಮಿಷ ಹಿಡಿಯುವುದುಂಟು. ಕೆನ್ನೆ ಮುಗಿಸಿ ಗದ್ದಕ್ಕೆ ಬರುವಷ್ಟರಲ್ಲಿ ಅಲ್ಲಿನ ನೊರೆ ಬಿಳಿಚಿಕೊಂಡು ಹಕ್ಕಳೆಗಟ್ಟಿರುತ್ತದೆ. ಅದರ ಮೇಲೆ ಅಲಗು ಜಾರದೆ ತಡೆತಡೆದು ಸಾಗುತ್ತದೆ, ಚರ್ಮ ಉರಿಯುತ್ತದೆ, ಗಾಯವೂ ಆಗಬಹುದು.

ಬಹುಪಾಲು ಸಲ ತಪ್ಪು ನೊರೆ ಕಲಸುವಾಗಲೇ ಆಗಿರುತ್ತದೆ. ನೊರೆ ಉಬ್ಬಿದ ಕೂಡಲೇ ಸಾಕೆಂದು ನಿಲ್ಲಿಸಿಬಿಡುತ್ತೇವೆ. ಆದರೆ ಆ ಉಬ್ಬು ಬರೀ ಗಾಳಿ. ಅಲಗಿಗೆ ಬೇಕಾದ್ದು ನೀರು.

ಹಂದಿಕೂದಲಿನ ಬ್ರಷ್ ಆದರೆ ಬೆಚ್ಚಗಿನ ನೀರಲ್ಲಿ 5 ನಿಮಿಷ ನೆನೆಸಿ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದಕ್ಕೆ 2 ನಿಮಿಷ ಸಾಕು, ಸಿಂಥೆಟಿಕ್ ಆದರೆ ಅದ್ದಿ ತೆಗೆದರಾಯಿತು. ನೀರನ್ನು ಒಮ್ಮೆ ಕೊಡವಿ, ಕ್ಷೌರದ ಗಟ್ಟಿ ಸೋಪಿನ ಮೇಲೆ ಸುಮಾರು 30 ಸೆಕೆಂಡು ತಿರುಗಿಸಿ. ಮೊದಲು ಬರುವುದು ಅಂಟಂಟಾದ ಪೇಸ್ಟು. ಅದನ್ನು ಬಟ್ಟಲಿಗೆ ಹಾಕಿ, ಪ್ರತಿ ಸಲ ಅರ್ಧ ಟೀ ಚಮಚದಷ್ಟೇ ನೀರು ಬೆರೆಸಿ 20 ಸೆಕೆಂಡು ಕಡೆಯಿರಿ. ಹೀಗೆ ಮೂರ್ನಾಲ್ಕು ಸಲ. ಎಲ್ಲ ನೀರನ್ನೂ ಒಟ್ಟಿಗೆ ಸುರಿದರೆ ದೊಡ್ಡ ಗುಳ್ಳೆಗಳೆದ್ದು ಬೇಗ ಒಡೆದು ಹೋಗುತ್ತವೆ.

ಹದ ಬಂದ ನೊರೆಯಲ್ಲಿ ಗುಳ್ಳೆ ಕಣ್ಣಿಗೆ ಕಾಣದು. ಈಗಷ್ಟೇ ಬಳಿದ ಬಣ್ಣದಂತೆ ಒದ್ದೆ ಹೊಳಪಿರುತ್ತದೆ. ಬ್ರಷ್ ಎತ್ತಿದಾಗ ಏಳುವ ತುದಿ ನೆಟ್ಟಗೆ ನಿಲ್ಲದೆ ಬಾಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ: ಅಂಟಿದರೆ ಇನ್ನೂ ನೀರು ಬೇಕು. ಮುಖದಿಂದ ಇಳಿದು ಕುತ್ತಿಗೆಗೆ ಹರಿದರೆ ನೀರು ಹೆಚ್ಚಾಗಿದೆ, ಬ್ರಷ್ಷನ್ನು ಮತ್ತೆರಡು ಸಲ ಸೋಪಿನ ಮೇಲಾಡಿಸಿ.

ಇಷ್ಟಾದರೂ ಹದವೇ ಬಾರದಿದ್ದರೆ ಗಡಸು ನೀರಿನ ಮೇಲೆ ಅನುಮಾನಪಡಿ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಕಿಟ್ಟವಾಗುತ್ತವೆ. ಹೆಚ್ಚು ಸೋಪು ಬಳಸಿ, ಇಲ್ಲವೇ ಡಿಸ್ಟಿಲ್ಡ್ ನೀರಲ್ಲಿ ಕಲಸಿ. ಒಂದು ಲೋಟ ಧಾರಾಳವಾಯಿತು.

ಹಚ್ಚುವ ಮುನ್ನ ಮುಖ ತೊಳೆದು, ಒರೆಸದೆ ಒದ್ದೆಯಾಗಿಯೇ ಬಿಡಿ. ಒಣ ಗಡ್ಡ ನೊರೆಯ ನೀರನ್ನೇ ಹೀರಿಕೊಳ್ಳುತ್ತದೆ. ಕೂದಲು ಮೆತ್ತಗಾಗಲು ಇಡೀ ಮುಖಕ್ಕೆ ಒಮ್ಮೆ ಹಚ್ಚಿ, ಆಮೇಲೆ ಕತ್ತಿಯಾಡಿಸುವ ಮುನ್ನ ಆಯಾ ಭಾಗಕ್ಕೆ ಮತ್ತೆ ಹೊಸ ನೊರೆ ಬಳಿಯಿರಿ: ಒಂದು ಕೆನ್ನೆ, ಅದು ಮುಗಿದ ಮೇಲೆ ಇನ್ನೊಂದು, ನಂತರ ಕುತ್ತಿಗೆ, ಕೊನೆಗೆ ಗದ್ದ, ಮೇಲ್ದುಟಿ. ತೀರಾ ತೆಳ್ಳಗೆ ಹಚ್ಚಬೇಡಿ. ತೆಳುವಾದ ಅಂಚುಗಳೇ, ಅದರಲ್ಲೂ ಕಿವಿಯ ಬಳಿಯವು, ಮೊದಲು ಒಣಗುವುದು.

ನಡುವೆ ಹೊಳಪು ಮಾಸಿತೆನಿಸಿದರೆ ಕತ್ತಿ ಕೆಳಗಿಡಿ. ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ ಆ ಜಾಗಕ್ಕೆ ನಾಲ್ಕೈದು ಸಲ ಬಳಿದರೆ ನೊರೆ ಮತ್ತೆ ಜೀವ ಹಿಡಿಯುತ್ತದೆ. ಬೆರಳಿಂದ ನೀರು ಚಿಮುಕಿಸಿದರೆ ಅದು ಬೆರೆಯದೆ ನೊರೆಯನ್ನೇ ತೊಳೆದು ಹಾಕುತ್ತದೆ. ಕತ್ತಿಯನ್ನು ಮತ್ತೆ ಹಿಡಿಯುವ ಮುನ್ನ ಬೆರಳು, ಹಿಡಿ ಎರಡನ್ನೂ ಒರೆಸಿಕೊಳ್ಳಲೇಬೇಕು.

ಫ್ಯಾನ್ ಆರಿಸಿಡಿ. ಕುದಿಬಿಸಿ ನೀರು ಬೇಡ, ಬೇಗ ಆವಿಯಾಗುತ್ತದೆ. ಸೋಪೇ ಒಣಗುವ ಜಾತಿಯದಾದರೆ ಕಲಸುವಾಗ ಎರಡು ಮೂರು ಹನಿ ಗ್ಲಿಸರಿನ್ ಬೆರೆಸಿ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ನೊರೆ ಜಿಗುಟಾಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ.