ಹೆರಿಗೆಯ ರಕ್ತವನ್ನು ತಕ್ಕಡಿಯಲ್ಲಿ ತೂಗುವುದು: ಲೇಬರ್ ರೂಮಿನ ನನ್ನ ಅನುಭವ

ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತೆಂದು ಕಣ್ಣಳತೆಯಲ್ಲಿ ಬರೆಯುವುದನ್ನು ನಮ್ಮ ಲೇಬರ್ ರೂಮಿನಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಈಗ ಎಲ್ಲವನ್ನೂ ತೂಗುತ್ತೇವೆ. ಶುರುವಿನಲ್ಲಿ “ಇದೇನು ದಿನಸಿ ಅಂಗಡಿಯಾ ಸಿಸ್ಟ್ರೇ” ಎಂದವರೇ ಇವತ್ತು ತಕ್ಕಡಿಯ ಸೆಲ್ ಮುಗಿದರೆ ಮೊದಲು ಓಡಿಬಂದು ಹೇಳುತ್ತಾರೆ.

ನಮ್ಮ ಕಡೆಗೆ ಇದು ಯಾಕೆ ಮುಖ್ಯ ಎಂದು ಕೆಲಸ ಮಾಡುವವರಿಗೆ ಗೊತ್ತು. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಒಳಗಿಂದ ಬರುವ ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 9–10ರ ಹತ್ತಿರ, ಅಂದರೆ ಮೊದಲೇ ರಕ್ತ ಕಡಿಮೆ ಇರುವವರು ಸುಮಾರು ಜನ. ಮಂಗಳೂರಿಗೆ ರೆಫರ್ ಮಾಡಿದರೆ ಗಂಟೆಗೂ ಹೆಚ್ಚು ಹೊತ್ತು ಆ್ಯಂಬುಲೆನ್ಸಿನಲ್ಲೇ ಕಳೆಯುತ್ತದೆ. ಜಡಿಮಳೆಯಿದ್ದರೆ ಇನ್ನೂ ಹೆಚ್ಚು. ಬಿಪಿ ಬಿದ್ದ ಮೇಲೆ ಹೊರಟರೆ ತಡವಾಯಿತೆಂದೇ ಅರ್ಥ. ತುಂಬು ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ಲೀಟರಿನಷ್ಟು ಹೋಗುವವರೆಗೂ ಬಿಪಿ ಸರಿಯಾಗಿಯೇ ಕಾಣಬಹುದು.

ರಕ್ತ ಹಿಡಿಯಲು ಸೊಂಟದ ಕೆಳಗೆ ಹಾಸುವ, ಅಳತೆ ಚೀಲವಿರುವ ಪ್ಲಾಸ್ಟಿಕ್ ಹಾಸು (ಡ್ರೇಪ್) ಹೊಸದಲ್ಲ. 2006ರಲ್ಲಿ ಪ್ರಕಟವಾದ ಬೆಳಗಾವಿಯ ಮಿಸೊಪ್ರೊಸ್ಟಾಲ್ (ಹೆರಿಗೆಯ ರಕ್ತಸ್ರಾವ ತಡೆಯುವ ಮಾತ್ರೆ) ಅಧ್ಯಯನದಲ್ಲಿ ಇಂಥದನ್ನೇ ಬಳಸಿದ್ದರು. ಕಣ್ಣಳತೆ ಡ್ರೇಪಿನ ಅಳತೆಗಿಂತ ಸುಮಾರು 33 ಶೇಕಡಾ ಕಡಿಮೆ ಬರುತ್ತದೆ ಎಂದು ತೋರಿಸಿದ್ದೂ ಅಲ್ಲಿಯವರೇ. ತೊಂದರೆ ದುಡ್ಡಿನದು. ಸಿದ್ಧ ಡ್ರೇಪ್ ತರಿಸಲು ಹೋದಾಗ ಒಂದಕ್ಕೆ ನೂರೈವತ್ತರ ಮೇಲೆ ಹೇಳಿದರು. ಪ್ರತಿ ಹೆರಿಗೆಗೂ ಅಷ್ಟು ಹಾಕುವ ಫಂಡ್ ಇರಲಿಲ್ಲ. ಹಾಗಾಗಿ ನಾವೇ ಮಾಡಿಕೊಂಡೆವು.

ದಪ್ಪ ಪಾರದರ್ಶಕ ಪಾಲಿಥೀನ್ ರೋಲ್ ತಂದು, ಬಾಳೆಕಾಯಿ ಚಿಪ್ಸ್ ಪ್ಯಾಕ್ ಮಾಡುವ ಸೀಲಿಂಗ್ ಮೆಷಿನ್ನಿನಲ್ಲಿ ಅಂಚು ಕೂಡಿಸಿದರೆ ಒಂದಕ್ಕೆ ಹದಿನೈದು ರೂಪಾಯಿಯೊಳಗೆ ಮುಗಿಯುತ್ತದೆ. ಮೇಲ್ಭಾಗ ಅಗಲ, ಕೆಳಗೆ ಕೊಳವೆಯಂತೆ ಕಿರಿದಾಗುವ ಚೀಲ, ಸೊಂಟಕ್ಕೆ ಕಟ್ಟಲು ಎರಡು ಪಟ್ಟಿ. ಮೊದಲು ಮಾಡಿದವು ಸೋರಿದವು; ಒಂದೇ ಗೆರೆ ಸೀಲ್ ನಿಲ್ಲುವುದಿಲ್ಲ, ಅರ್ಧ ಇಂಚು ಬಿಟ್ಟು ಎರಡನೇ ಗೆರೆ ಹಾಕಬೇಕು. ಮೂಲೆಯಲ್ಲಿ ಸೋರದಂತೆ ಮಡಿಸುವ ಕ್ರಮ ಒಂದಿದೆ. ಬರೆದರೆ ಅರ್ಥವಾಗುವುದಿಲ್ಲ, ಬಂದವರಿಗೆ ಕೈಯಲ್ಲೇ ತೋರಿಸಿಕೊಡುತ್ತೇನೆ.

ಗೆರೆ ಹಾಕುವುದರಲ್ಲಿ ಬಹಳ ಚೀಲ ಹಾಳಾದವು. ಮೇಜಿನ ಮೇಲೆ ಮಲಗಿಸಿ ಗುರುತು ಹಾಕಿದರೆ ನೇತಾಡುವಾಗ ಅಳತೆ ಪೂರಾ ತಪ್ಪುತ್ತದೆ, ಚೀಲ ಉಬ್ಬುತ್ತದೆ. ನೇತುಹಾಕಿ, 100 ಮಿ.ಲೀ. ನೀರು ಸುರಿಯುತ್ತಾ ಒಂದೊಂದೇ ಗೆರೆ ಎಳೆಯಬೇಕು. 300ಕ್ಕೆ ಎಚ್ಚರಿಕೆಯ ಹಳದಿ, 500ಕ್ಕೆ ಅಪಾಯದ ಕೆಂಪು. ಸ್ಪಿರಿಟ್ ತಾಗಿದರೆ ಮಾರ್ಕರ್ ಅಳಿಸಿಹೋಗುತ್ತದೆ, ಮೇಲೆ ಸೆಲ್ಲೋಟೇಪ್ ಬೇಕೇ ಬೇಕು. ಆಮೇಲೆ ನೀರು ಚೆಲ್ಲಿ, ಒರೆಸಿ, ಪೂರ್ತಿ ಒಣಗಿಸಿ, ಖಾಲಿ ತೂಕ ಬರೆದಿಡಬೇಕು. ನಮ್ಮವು ಸುಮಾರು 38 ಗ್ರಾಂ ಬರುತ್ತವೆ. ಒಂದು ಚೀಲ ಒಬ್ಬರಿಗೆ ಮಾತ್ರ, ಮುಗಿದ ಮೇಲೆ ಕೆಂಪು ಬಿನ್ನಿಗೆ.

ಹಾಸುವ ಸಮಯ ತಪ್ಪಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಮಗು ಹೊರಬಂದೊಡನೆ ಹಿಂದೆಯೇ ಉಳಿದ ಗರ್ಭಜಲ ಧುಮುಕುತ್ತದೆ. ಅದನ್ನು ಬಕೆಟ್ಟಿಗೆ ಹೋಗಲು ಬಿಟ್ಟು, ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟು, ಕೂಡಲೇ ಡ್ರೇಪನ್ನು ಸೊಂಟದ ಕೆಳಗೆ ತಳ್ಳಬೇಕು. ಮೊದಲೇ ಹಾಸಿದರೆ ನೀರೂ ರಕ್ತವೂ ಬೆರೆತು 700 ತೋರಿಸುತ್ತದೆ. ಸುಮ್ಮನೆ ಗಾಬರಿ, ನಾಲ್ಕು ಸಲ ಹಾಗಾದರೆ ಯಾರೂ ಚೀಲವನ್ನು ನಂಬುವುದಿಲ್ಲ. ಮೂತ್ರದ ಕಥೆಯೂ ಅದೇ. ಮೂತ್ರಕೋಶವನ್ನು ಮೊದಲೇ ಖಾಲಿ ಮಾಡಿಸಿರಬೇಕು. ತುಂಬಿದ್ದರೆ ಗರ್ಭಕೋಶ ಗಟ್ಟಿಯಾಗುವುದೂ ಇಲ್ಲ. ಟೇಬಲ್ಲಿನ ತಲೆಯ ಕಡೆ ಸ್ವಲ್ಪ ಎತ್ತಿಡಿ. ಸಪಾಟಾಗಿ ಮಲಗಿಸಿದರೆ ರಕ್ತ ಬೆನ್ನಿನಡಿ ಹರಡಿ ಬಟ್ಟೆ ಸೇರುತ್ತದೆ.

ಚೀಲವನ್ನಷ್ಟೇ ನೋಡಿ ಬರೆಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಚೀಲ 340 ಗ್ರಾಂ, ಖಾಲಿ ತೂಕ 38 ಕಳೆದರೆ 302. ನಾಲ್ಕು ಪ್ಯಾಡ್ 312, ಒಣ ತೂಕ ತಲಾ 25ರಂತೆ ನೂರು ಕಳೆದರೆ 212. ಅಡಿಯ ಹಳೆ ಮುಂಡು (ಪಂಚೆ) 410, ಒಣಗಿದ್ದಾಗ 290, ಅಂದರೆ 120. ಒಟ್ಟು 634 ಗ್ರಾಂ. ರಕ್ತ ನೀರಿಗಿಂತ ಚೂರು ಭಾರ, 1.05ರಿಂದ ಭಾಗಿಸಿದರೆ ಸುಮಾರು 600 ಮಿ.ಲೀ. ಬಂತು. ಚೀಲದ ಗೆರೆ ಮಾತ್ರ ಮುನ್ನೂರರ ಹತ್ತಿರವೇ ನಿಂತಿದೆ! ಅರ್ಧಕ್ಕಿಂತ ಹೆಚ್ಚು ಪ್ಯಾಡಿನಲ್ಲೂ ಬಟ್ಟೆಯಲ್ಲೂ ಕೂತಿದೆ. ನಾವು ತಕ್ಕಡಿಗೆ ಹೋದದ್ದು ಇದಕ್ಕೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ, 5 ಕಿಲೋದ್ದು, ಐನೂರು ರೂಪಾಯಿ ಆಸುಪಾಸು. ಅದರ ಬಿಲ್ಲು ವೈದ್ಯಕೀಯ ಸಾಮಾನಿನ ಪಟ್ಟಿಯಲ್ಲಿಲ್ಲವೆಂದು ವಾಪಸು ಬಂತು, ನಾವೇ ದುಡ್ಡು ಕೂಡಿಸಿಕೊಂಡೆವು.

ಮಳೆಗಾಲದಲ್ಲಿ ಒಂದು ವಿಷಯ ಕಂಡುಕೊಂಡೆ. ಜೂನ್–ಜುಲೈಯಲ್ಲಿ ಹತ್ತಿಬಟ್ಟೆ ಗಾಳಿಯ ತೇವವನ್ನೇ ಹೀರಿ ಭಾರವಾಗುತ್ತದೆ. ಪ್ಯಾಡಿಗೆ ಒಂದೆರಡು ಗ್ರಾಂ, ಲೆಕ್ಕಕ್ಕಿಲ್ಲ. ಮನೆಯಿಂದ ತರುವ ಮುಂಡಿಗೆ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುತ್ತದೆ. ಗೋಡೆಗೆ ಅಂಟಿಸಿದ ಒಣ ತೂಕದ ಪಟ್ಟಿ ನಂಬದೆ, ಆ ದಿನ ಹಾಸುವ ಮೊದಲೇ ತೂಗಿಡುವುದು ಲೇಸು.

ಹೊಸಬರಿಗೆ ನಂಬಿಕೆ ಬರಿಸಲು ಗಂಜಿತಿಳಿಗೆ ಕೆಂಪು ಬಣ್ಣ ಕಲಸಿ ಪ್ಯಾಡಿಗೆ, ಬಟ್ಟೆಗೆ, ಬೇಸಿನ್ನಿಗೆ ಅಳೆದು ಸುರಿದು “ಎಷ್ಟಿದೆ ಹೇಳಿ” ಎಂದು ಕೇಳಿದೆ. ಬರೀ ನೀರಿಗೆ ಬಣ್ಣ ಹಾಕಿದರೆ ಬೇಗ ಹರಡುತ್ತದೆ, ತಿಳಿಯ ಮಂದ ಸರಿಹೊಂದುತ್ತದೆ. ಕಡಿಮೆ ಸುರಿದರೆ ಜಾಸ್ತಿ ಹೇಳಿದವರುಂಟು. ಮುಕ್ಕಾಲು ಲೀಟರ್ ಸುರಿದದ್ದನ್ನು ಹೆಚ್ಚಿನವರು ನಾನೂರೆಂದರು. ಅದಾದ ಮೇಲೆ ತರ್ಕ ಮಾಡಬೇಕಾಗಲೇ ಇಲ್ಲ. ಬೀಟ್‌ರೂಟ್ ರಸದಲ್ಲೂ ಪ್ರಯತ್ನಿಸಿದ್ದೆ, ಟೈಲ್ಸಿನ ಕಲೆ ಹೋಗಲಿಲ್ಲ.

ಮೊದಲ ಗಂಟೆ ಪ್ರತಿ 15 ನಿಮಿಷಕ್ಕೆ ಗರ್ಭಕೋಶ ಮುಟ್ಟಿ, ಪಲ್ಸ್, ಬಿಪಿ, ಚೀಲ ಎಲ್ಲ ಒಟ್ಟಿಗೆ ಬರೆಯುತ್ತೇವೆ. ನನ್ನ ಕಣ್ಣು ಒಟ್ಟು ಎಷ್ಟಾಯಿತು ಎಂಬುದಕ್ಕಿಂತ ಕಾಲು ಗಂಟೆಗೆ ಎಷ್ಟು ಏರಿತು ಎಂಬುದರ ಮೇಲೆ ಇರುತ್ತದೆ. ಪಲ್ಸ್ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ದಾಟಿತೆಂದರೆ, ಉದಾಹರಣೆಗೆ ಪಲ್ಸ್ 110, ಬಿಪಿ 100, ಚೀಲ ಏನೇ ತೋರಿಸಲಿ ಡಾಕ್ಟರಿಗೆ ಫೋನ್. 300 ದಾಟಿ ಪಲ್ಸ್ ಅಥವಾ ಬಿಪಿ ಕೆಟ್ಟಿದ್ದರೆ 500ಕ್ಕೆ ಕಾಯುವುದಿಲ್ಲ. ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿದ್ದೂ ತಿಳಿಗೆಂಪು ರಕ್ತ ಸುರಿಯುತ್ತಿದ್ದರೆ ಎಲ್ಲೋ ಹರಿದಿದೆ, ಗರ್ಭಕೋಶದ ಮಸಾಜಿನಿಂದ ನಿಲ್ಲುವುದಿಲ್ಲ, ಲೈಟ್ ಹಾಕಿ ನೋಡಲೇಬೇಕು.

ಗೆರೆ ದಾಟಿದ ಮೇಲೆ ಒಂದು ಮದ್ದು ಕೊಟ್ಟು, ಫಲಿತಾಂಶ ಕಾದು, ಇನ್ನೊಂದು ಕೊಡುವ ಹಳೆ ಕ್ರಮ ಬಿಟ್ಟೆವು. ಮಸಾಜ್, ಆಕ್ಸಿಟೋಸಿನ್, ಡ್ರಿಪ್, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಹರಿದಿದೆಯೇ ಮಾಸು ಪೂರ್ತಿ ಬಂದಿದೆಯೇ ಎಂಬ ಪರೀಕ್ಷೆ, ಎಲ್ಲ ಒಟ್ಟಿಗೆ. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳ ಅಧ್ಯಯನ ಹೊರಬಂದದ್ದು ಇದೇ ಕ್ರಮದ ಮೇಲೆ. ಅಳೆದು, ಒಟ್ಟಿಗೆ ಚಿಕಿತ್ಸೆ ಕೊಟ್ಟಾಗ ತೀವ್ರ ತೊಂದರೆ ಸುಮಾರು 60 ಶೇಕಡಾ ಇಳಿಯಿತು. ಟ್ರಾನೆಕ್ಸಾಮಿಕ್ 1 ಗ್ರಾಂ, 10 ನಿಮಿಷದಲ್ಲಿ ನಿಧಾನ. ದಬಕ್ಕನೆ ತಳ್ಳಿದರೆ ಬಿಪಿ ಇನ್ನೂ ಇಳಿಯುತ್ತದೆ. ಹೆರಿಗೆಯಾಗಿ 3 ಗಂಟೆಯೊಳಗೆ ಕೊಡಬೇಕು, ತಡವಾದಷ್ಟೂ ಉಪಯೋಗ ಕಡಿಮೆ. ಗರ್ಭಕೋಶ ಬಿಗಿಮಾಡುವ ಇನ್ನೊಂದು ಮದ್ದು ಮೆಥರ್ಜಿನ್, ಬಿಪಿ ಹೆಚ್ಚಿದ್ದವರಿಗೆ ಅದನ್ನು ಮುಟ್ಟುವುದೇ ಇಲ್ಲ.

ಇಷ್ಟಾದರೂ ಆಕ್ಸಿಟೋಸಿನ್ ಬಿಸಿಯಲ್ಲಿ ಕೂತಿದ್ದರೆ ಪ್ರಯೋಜನವಿಲ್ಲ. 2ರಿಂದ 8 ಡಿಗ್ರಿಯಲ್ಲಿರಬೇಕಾದದ್ದು ಎಮರ್ಜೆನ್ಸಿ ಟ್ರೇಯಲ್ಲಿ ದಿನಗಟ್ಟಲೆ ಬಿದ್ದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಏಪ್ರಿಲ್–ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಲಸಿಕೆ ಡಬ್ಬದಲ್ಲಿ ಐಸ್‌ಪ್ಯಾಕ್ ಜತೆ ಇಡುತ್ತೇವೆ, ಐಸಿಗೆ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿದರೂ ಕೆಡುತ್ತದೆ.

ರೆಫರಲ್ ಚೀಟಿಯಲ್ಲಿ ಈಗ “ರಕ್ತಸ್ರಾವ ಹೆಚ್ಚು” ಎಂದು ಬರೆಯುವುದಿಲ್ಲ. ಎಷ್ಟು ಮಿ.ಲೀ., ಎಷ್ಟು ಹೊತ್ತಿಗೆ, ಯಾವ ಮದ್ದು ಎಷ್ಟು ಗಂಟೆಗೆ ಎಂದು ಬರೆದು, ಹೊರಡುವ ಮೊದಲೇ ಫೋನಿನಲ್ಲಿ ಓದಿ ಹೇಳುತ್ತೇವೆ. ಅಲ್ಲಿನವರು ಆ್ಯಂಬುಲೆನ್ಸ್ ತಲುಪುವಷ್ಟರಲ್ಲಿ ರಕ್ತ ಹೊಂದಿಸಿಟ್ಟಿರುತ್ತಾರೆ.