ಮಳೆಗಾಲದಲ್ಲೂ ಸೈಕಲ್ಲಿನಲ್ಲೇ ಆಫೀಸಿಗೆ: ಚೈನು, ಬ್ರೇಕು, ಟ್ಯೂಬು

ಜೂನ್ ಬಂತೆಂದರೆ ಸೈಕಲ್ಲಿಗೆ ಹಳೆ ಬೆಡ್‌ಶೀಟ್ ಹೊದಿಸಿ ಮೂಲೆಗೆ ನಿಲ್ಲಿಸುವವರೇ ಹೆಚ್ಚು. ಮಳೆಗೆ ಸೈಕಲ್ ಹಾಳಾಗಿಬಿಡುತ್ತದೆ ಎಂಬ ಭಯ. ಬರೀ ನೀರಿನಿಂದ ಅಂಥ ಕೇಡೇನೂ ಆಗುವುದಿಲ್ಲ. ಹಾಳು ಮಾಡುವುದು ಚಕ್ರದ ಜೊತೆ ಮೇಲೇಳುವ ನುಣ್ಣನೆ ಮರಳು, ಮತ್ತು ಒರೆಸದೆ ರಾತ್ರಿಯಿಡೀ ಬಿಟ್ಟ ತೇವ. ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯದು, ಹಾಗಾಗಿ ಸೈಕಲ್ ನೆನೆಯುವುದು ಮನೆಗೆ ಬರುವಾಗ. ಬಂದ ಕೂಡಲೇ ಒಂದು ಹತ್ತು ನಿಮಿಷ ಕೊಟ್ಟರೆ ಇಡೀ ಮಳೆಗಾಲ ಅದೇ ಸೈಕಲ್ಲಿನಲ್ಲಿ ಓಡಾಡಬಹುದು. ಮಂಗಳೂರು, ಉಡುಪಿ ಕಡೆಯವರಿಗೆ ಗಾಳಿಯಲ್ಲೇ ಉಪ್ಪಿರುವುದರಿಂದ ಈ ಹತ್ತು ನಿಮಿಷವನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ನಾನು ಅನುಸರಿಸುವ ಕ್ರಮವನ್ನು ಕಾರಣಗಳ ಸಮೇತ ಬರೆಯುತ್ತಿದ್ದೇನೆ.

ಮೊದಲು ಕೆಸರು. ಒಣಗುವ ಮುಂಚೆ ಎರಡು ಮಗ್ಗು ನೀರು ಮೇಲಿನಿಂದ ಸುರಿದರೆ ಮುಕ್ಕಾಲು ಪಾಲು ಹೋಗುತ್ತದೆ. ಒಣಗಿದ ಮೇಲೆ ಉಜ್ಜಬೇಕಾಗುತ್ತದೆ, ಉಜ್ಜಿದರೆ ಮರಳು ಪೇಂಟನ್ನು ಗೀಚುತ್ತದೆ. ಬೈಕ್ ವಾಟರ್ ಸರ್ವಿಸ್‌ನವರ ಪ್ರೆಶರ್ ಪೈಪಿನ ಹತ್ತಿರ ಮಾತ್ರ ಸೈಕಲ್ ಒಯ್ಯಬೇಡಿ. ಆ ರಭಸಕ್ಕೆ ಹಬ್ಬಿನ (ಚಕ್ರದ ನಡುವಿನ ಗುಂಬದ), ಪೆಡಲ್ ಬೇರಿಂಗಿನ, ಹ್ಯಾಂಡಲ್ ಬೇರಿಂಗಿನ ರಬ್ಬರ್ ಸೀಲ್ ದಾಟಿ ನೀರು ಒಳಗೆ ನುಗ್ಗಿ ಗ್ರೀಸನ್ನು ಹೊರದೂಡುತ್ತದೆ. ನೀರು ಸುರಿದ ಮೇಲೆ ಸೈಕಲ್ಲನ್ನು ಗೇಣುದ್ದ ಎತ್ತಿ ಎರಡು ಮೂರು ಸಲ ಚಕ್ರದ ಮೇಲೆ ಮೆಲ್ಲಗೆ ಕುಟ್ಟಿ. ಸಂದುಗೊಂದಿನ ನೀರು ತಾನಾಗಿ ಉದುರುತ್ತದೆ.

ಆಮೇಲೆ ಚೈನು. ಹಳೆ ಬನಿಯನ್ ಬಟ್ಟೆಯಿಂದ ಚೈನಿನ ಕೆಳಗಿನ ಓಟವನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಬಟ್ಟೆ ಕಪ್ಪಾದಂತೆ ಜಾಗ ಬದಲಿಸಿ. ಕಪ್ಪು ಕಡಿಮೆಯಾದ ಮೇಲೆ ಸೈಕಲ್ಲನ್ನು ಫ್ಯಾನಿನ ಕೆಳಗೆ ನಿಲ್ಲಿಸಿ ಕೈಕಾಲು ತೊಳೆದು ಕಾಫಿ ಕುಡಿದು ಬನ್ನಿ. ಒದ್ದೆ ಚೈನಿಗೆ ಎಣ್ಣೆ ಬಿಟ್ಟರೆ ಅದು ನೀರಿನ ಮೇಲೆಯೇ ಕೂತು ಒಳಗಿಳಿಯುವುದಿಲ್ಲ.

ಎಣ್ಣೆ ಬಿಡುವುದರಲ್ಲೇ ಹೆಚ್ಚಿನವರು ಎಡವುವುದು. ಚೈನಿನ ಹೊರಮೈ ಹೊಳೆಯುವಂತೆ ಸುರಿದರೆ ಉಪಯೋಗವಿಲ್ಲ. ಸವೆಯುವುದು ರೋಲರಿನ ಒಳಗೆ, ಪಿನ್ನು ಮತ್ತು ಪಟ್ಟಿಗಳು ಉಜ್ಜುವ ಕಡೆ. ಎಣ್ಣೆ ಬೇಕಾದದ್ದೂ ಅಲ್ಲಿಗೆ. ಚೈನಿನ ಕೆಳ ಓಟದ ಒಳಮುಖಕ್ಕೆ, ಅಂದರೆ ಹಲ್ಲು ತಾಗುವ ಕಡೆಯಿಂದ, ರೋಲರಿಗೊಂದು ತೊಟ್ಟು. ಗೇರ್ ಸೈಕಲ್ಲಿನ ಚೈನಿನಲ್ಲಿ ನೂರಹತ್ತಕ್ಕೆ ಹತ್ತಿರ ರೋಲರುಗಳಿರುತ್ತವೆ, ಅಷ್ಟೇ ತೊಟ್ಟು ಸಾಕು. ಬಣ್ಣ ಬೇರೆಯಿರುವ ಕ್ವಿಕ್ ಲಿಂಕಿನಿಂದ, ಅಂದರೆ ಚೈನು ಬಿಚ್ಚಲು ಇರುವ ಕೊಂಡಿಯಿಂದ, ಶುರು ಮಾಡಿದರೆ ಸುತ್ತು ಮುಗಿದದ್ದು ಗೊತ್ತಾಗುತ್ತದೆ. ಒಂದು ನಿಮಿಷ ನಿಧಾನಕ್ಕೆ ಪೆಡಲ್ ತಿರುಗಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹೊರಡುವ ಮುಂಚೆ ಒಣಬಟ್ಟೆಯಲ್ಲಿ ಹೊರಮೈಯನ್ನು ಒತ್ತಿ ಒರೆಸಿ. ಈ ಕೊನೆಯ ಒರೆಸುವಿಕೆಯನ್ನು ಬಿಟ್ಟರೆ ಹೊರಗಿನ ಎಣ್ಣೆಗೆ ಮರಳು ಹತ್ತಿ, ಎಣ್ಣೆಯೇ ಉಪ್ಪುಕಾಗದವಾಗಿ ಚೈನನ್ನು ತಿನ್ನುತ್ತದೆ.

ಯಾವ ಎಣ್ಣೆ? ಮಳೆಗಾಲಕ್ಕೆ ಸೈಕಲ್ ಅಂಗಡಿಯಲ್ಲಿ ಸಿಗುವ ವೆಟ್ ಲ್ಯೂಬ್. ಡ್ರೈ ಲ್ಯೂಬ್ ಬೇಸಿಗೆಗೆ ಚೆನ್ನ, ಒಂದು ಜೋರು ಮಳೆಗೆ ತೊಳೆದುಹೋಗುತ್ತದೆ. ಡಬ್ಲ್ಯುಡಿ-40 ನೀರನ್ನು ಹೊರಹಾಕಲು ಮಾಡಿದ್ದು, ಚೈನಿಗೆ ಬೇಕಾದಷ್ಟು ಎಣ್ಣೆ ಅದರಲ್ಲಿ ಉಳಿಯುವುದಿಲ್ಲ. ಅದನ್ನೇ ಹೊಡೆದು ಹೊರಟರೆ ಇದ್ದ ಎಣ್ಣೆಯೂ ಕರಗಿ ಸ್ವಲ್ಪ ದೂರದಲ್ಲೇ ಚೈನು ಕಿರುಗುಟ್ಟುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಬಲು ತೆಳು, ಮಳೆಗೆ ನಿಲ್ಲುವುದಿಲ್ಲ. ಬೈಕಿನ ಎಂಜಿನ್ ಆಯಿಲ್ ನಿಲ್ಲುತ್ತದೆ, ಆದರೆ ಕಸವನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇರೇನೂ ಸಿಗದ ಊರಿನಲ್ಲಿ ಅದನ್ನೇ ತೊಟ್ಟು ತೊಟ್ಟಾಗಿ ಹಾಕಿ ಚೆನ್ನಾಗಿ ಒರೆಸಿಕೊಂಡರೆ ಕೆಲಸ ನಡೆಯುತ್ತದೆ.

ದಿನಾ ಮಳೆಯಿದ್ದರೆ ಹದಿನೈದು ದಿನಕ್ಕೊಮ್ಮೆ ಚೈನು ಬಿಚ್ಚಿ ತೊಳೆಯಬೇಕು. ಕ್ವಿಕ್ ಲಿಂಕ್ ತೆಗೆದು, ಅಗಲ ಬಾಯಿಯ ಬಾಟಲಿಗೆ ಚೈನು ಹಾಕಿ, ಅದು ಮುಳುಗುವಷ್ಟು ಡೀಸೆಲ್ ಅಥವಾ ಡಿಗ್ರೀಸರ್ ಸುರಿದು ಮುಚ್ಚಳ ಬಿಗಿಮಾಡಿ ಎರಡು ನಿಮಿಷ ಕುಲುಕಿ. ಕಪ್ಪು ದ್ರವವನ್ನು ಬೇರೆ ಬಾಟಲಿಗೆ ಬಗ್ಗಿಸಿಡಿ. ಎರಡು ದಿನದಲ್ಲಿ ಹೂಳು ತಳಕ್ಕೆ ಇಳಿದು ಮೇಲಿನದನ್ನು ಮತ್ತೆ ಬಳಸಬಹುದು, ಮೋರಿಗೆ ಚೆಲ್ಲಬೇಡಿ. ಎರಡನೇ ಸಲ ಹೊಸದು ಹಾಕಿ ಕುಲುಕಿ, ಆಮೇಲೆ ಸೋಪಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಡೀಸೆಲ್ ಬಳಸಿದ್ದರೆ ಸೋಪಿನ ನೀರು ಕಡ್ಡಾಯ, ಇಲ್ಲವಾದರೆ ಉಳಿದ ಪಸೆ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ. ಪೆಟ್ರೋಲಿನ ಆವಿಗೆ ಬೆಂಕಿ ಹತ್ತುವುದು ಬಲು ಸುಲಭ, ಮನೆಯೊಳಗೆ ಅದನ್ನು ಮುಟ್ಟಬೇಡಿ.

ಚೈನು ಸವೆದಿದೆಯೇ ಎಂದು ನೋಡಲು ಸ್ಟೀಲ್ ಸ್ಕೇಲ್ ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದರೆ ಬರುವ ಇಪ್ಪತ್ನಾಲ್ಕನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. ಅದೇ 306.3 ಆದರೆ ಅರ್ಧ ಶೇಕಡಾ ಸವೆದಿದೆ, ಹಿಂದಿನ ಚಕ್ರದಲ್ಲಿ 11 ಅಥವಾ 12 ಗೇರಿರುವ ಸೈಕಲ್ಲಿನ ಚೈನಾದರೆ ಬದಲಿಸಿ. 8, 9 ಗೇರಿನವು 307ರವರೆಗೆ ತಾಳುತ್ತವೆ. ಗೇರಿಲ್ಲದ ಸೈಕಲ್ಲು 307.8ರವರೆಗೂ ಓಡುತ್ತದೆ. ಅಳೆಯುವಾಗ ಪೆಡಲನ್ನು ಒತ್ತಿ ಚೈನು ಬಿಗಿಯಾಗಿರಲಿ. ಇದನ್ನು ಮುಂದೂಡಿದರೆ ಹಿಗ್ಗಿದ ಚೈನು ಕ್ಯಾಸೆಟ್ಟಿನ (ಹಿಂದಿನ ಚಕ್ರದ ಗೇರು ಗೊಂಚಲಿನ) ಹಲ್ಲುಗಳನ್ನು ತನ್ನ ಅಳತೆಗೆ ತಿಂದುಬಿಡುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಏರಿನಲ್ಲಿ ಹಲ್ಲು ಜಾರುತ್ತದೆ, ಕ್ಯಾಸೆಟ್ಟನ್ನೂ ಕೊಳ್ಳಬೇಕಾಗುತ್ತದೆ.

ಬ್ರೇಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಕ್ರೋಮ್ ಮಾಡಿದ ಉಕ್ಕಿನ ರಿಮ್ಮಿರುವ ಹಳೇ ಕರಿ ಸೈಕಲ್ಲನ್ನು ಜೋರು ಮಳೆಯಲ್ಲಿ ಟ್ರಾಫಿಕ್ಕಿಗೆ ಇಳಿಸಬೇಡಿ. ಒದ್ದೆ ಉಕ್ಕಿನ ಮೇಲೆ ರಬ್ಬರ್ ಜಾರುತ್ತದೆ, ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ರಿಮ್ಮು ಪರವಾಗಿಲ್ಲ. ಅದಕ್ಕೂ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಾಗಾಗಿ ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ಬ್ರೇಕನ್ನು ಹಗುರವಾಗಿ ತಾಗಿಸಿಟ್ಟುಕೊಳ್ಳಿ. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂದರೆ ಬ್ರೇಕ್ ಶೂ ಬಿಚ್ಚಿ ನೋಡಿ. ರಬ್ಬರಿನಲ್ಲಿ ಬೆಳ್ಳಿಯಂತೆ ಮಿನುಗುವ ಚೂರುಗಳು ಕಾಣುತ್ತವೆ, ಅದು ನಿಮ್ಮ ರಿಮ್ಮಿನದೇ ಲೋಹ. ಪಿನ್ನಿನಿಂದ ಒಂದೊಂದನ್ನೂ ಕಿತ್ತು, ಶೂವಿನ ಮುಖವನ್ನು ಉಪ್ಪುಕಾಗದದಲ್ಲಿ ತೀಡಿ. ರಿಮ್ಮನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿ. ಶೂವಿನ ಗೀರುಗಳು ಮಾಸಿದ್ದರೆ ಹೊಸದು ಹಾಕಿ. ರಿಮ್ಮಿನ ಬದಿಗೆ ಸ್ಕೇಲ್ ಆನಿಸಿದಾಗ ನಡುವೆ ತಗ್ಗು ಕಂಡರೆ ರಿಮ್ಮಿನ ಆಯಸ್ಸೂ ಮುಗಿಯುತ್ತ ಬಂದಿದೆ.

ಡಿಸ್ಕ್ ಬ್ರೇಕಿದ್ದರೆ ಮಳೆ ಅಷ್ಟು ಕಾಡುವುದಿಲ್ಲ, ಆದರೆ ಕೆಸರಿನಲ್ಲಿ ಪ್ಯಾಡು ಬೇಗ ಸವೆಯುತ್ತದೆ. ಚಕ್ರ ತೆಗೆದು, ಟಾರ್ಚ್ ಬಿಟ್ಟು ನೋಡಿ: ಲೋಹದ ತಗಡನ್ನು ಬಿಟ್ಟು ಉಳಿದ ಪದಾರ್ಥ 1 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ. ಮೆಟಲ್ ಪ್ಯಾಡು ಹೆಚ್ಚು ಬಾಳುತ್ತದೆ, ಆದರೆ ರೋಟರಿನ (ಪ್ಯಾಡು ಹಿಡಿಯುವ ತಟ್ಟೆಯ) ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಅದನ್ನು ಹಾಕುವಂತಿಲ್ಲ. ಕೇಬಲ್ಲಿನ ಡಿಸ್ಕ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಒಂದೇ ಕಡೆಯ ಪ್ಯಾಡು ಚಲಿಸುತ್ತದೆ. ಸವೆದಂತೆಲ್ಲ ಇನ್ನೊಂದು ಕಡೆಯ ತಿರುಪನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸದಿದ್ದರೆ ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ಒದ್ದೆಯಾದಾಗ ಡಿಸ್ಕು ಕಿರುಚುವುದು ಸಹಜ. ಒಣಗಿದ ಮೇಲೂ ಕಿರುಚುತ್ತ, ಹಿಡಿತವೂ ಕಡಿಮೆಯಾಗಿದ್ದರೆ ಎಣ್ಣೆ ತಾಗಿದೆ ಎಂದರ್ಥ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಎಣ್ಣೆ ಕುಡಿದ ಪ್ಯಾಡು ಮಾತ್ರ ಮತ್ತೆ ನೆಟ್ಟಗಾಗುವುದು ಅಪರೂಪ, ಬದಲಿಸುವುದೇ ವಾಸಿ. ಚೈನಿಗೆ ಸ್ಪ್ರೇ ಬದಲು ತೊಟ್ಟಿಕ್ಕುವ ಬಾಟಲಿಯನ್ನೇ ಬಳಸಬೇಕೆನ್ನಲು ಇದೂ ಒಂದು ಕಾರಣ.

ಮಡ್‌ಗಾರ್ಡ್ ಇಲ್ಲದೆ ಇಷ್ಟೆಲ್ಲ ಮಾಡಿದರೂ ಪ್ರಯೋಜನ ಅರ್ಧ. ಸೀಟಿನ ಕೆಳಗೆ ಸಿಕ್ಕಿಸುವ ಗಿಡ್ಡ ಪಟ್ಟಿ ನಿಮ್ಮ ಬೆನ್ನನ್ನಷ್ಟೇ ಉಳಿಸುತ್ತದೆ. ಚೈನು, ಪೆಡಲ್ ಬೇರಿಂಗು, ಕಾಲಿನ ಶೂ ಉಳಿಯಬೇಕಾದರೆ ಮುಂದಿನ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡು, ಅದರ ತುದಿಗೆ ನೆಲದಿಂದ ನಾಲ್ಕು ಬೆರಳು ಮೇಲಿನವರೆಗೆ ಇಳಿಯುವ ಫ್ಲ್ಯಾಪು ಬೇಕು. ಖಾಲಿ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಎರಡು ಸಣ್ಣ ಬೋಲ್ಟು ಹಾಕಿದರೆ ಫ್ಲ್ಯಾಪ್ ಸಿದ್ಧ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 1 ಸೆಂಟಿಮೀಟರ್ ಜಾಗವಿರಲಿ. ಮಲೆನಾಡಿನ ಕೆಂಪು ಮಣ್ಣು ಅಲ್ಲಿ ಗಿಡಿದು ಮುಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡರೆ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತೀರಿ.

ಮಳೆಯಲ್ಲಿ ಪಂಕ್ಚರ್ ಹೆಚ್ಚು, ಏಕೆಂದರೆ ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ, ಮತ್ತು ನೀರು ಗಾಜು ಮೊಳೆಗಳನ್ನೆಲ್ಲ ರಸ್ತೆಯ ಅಂಚಿಗೆ ತಳ್ಳುತ್ತದೆ. ಅಂಚಿನಿಂದ ಒಂದು ಮಾರು ಒಳಗೇ ಓಡಿಸಿ. ಹಿಡಿತಕ್ಕಾಗಿ ಗಾಳಿಯನ್ನು ಎಂದಿಗಿಂತ 5 ಪಿಎಸ್ಐ ಕಡಿಮೆ ಮಾಡಿ. ಅದಕ್ಕಿಂತ ಇಳಿಸಿದರೆ ಗುಂಡಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. 38 ಮಿಲಿಮೀಟರ್ ಟೈರಿಗೆ ನಾನು ಇಡುವುದು 50ರ ಆಸುಪಾಸು. ಟೈರಿನ ಬದಿಯಲ್ಲಿ ಬರೆದ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ.

ಮಳೆಯಲ್ಲಿ ನಿಂತು ಪ್ಯಾಚ್ ಹಾಕಲು ಹೋಗಬೇಡಿ. ಸೊಲ್ಯೂಷನ್ ಹಿಡಿಯಬೇಕಾದರೆ ಟ್ಯೂಬು ಪೂರ್ತಿ ಒಣಗಿರಬೇಕು, ಹಚ್ಚಿದ ಮೇಲೆ ಹೊಳಪು ಮಾಸುವವರೆಗೆ ನಾಲ್ಕೈದು ನಿಮಿಷ ಕಾಯಬೇಕು, ಆಮೇಲಷ್ಟೇ ಪ್ಯಾಚ್ ಒತ್ತಬೇಕು. ರಸ್ತೆಯಲ್ಲಿ ಟ್ಯೂಬನ್ನೇ ಬದಲಿಸಿ, ಪ್ಯಾಚು ಮನೆಯಲ್ಲಿ. ಹೊಸ ಟ್ಯೂಬ್ ತೂರಿಸುವ ಮುಂಚೆ ಚುಚ್ಚಿದ್ದೇನೆಂದು ಹುಡುಕುವುದು ಮುಖ್ಯ. ಟೈರು ಕೂರಿಸುವಾಗ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಹಾಕುವ ರೂಢಿಯಿದ್ದರೆ, ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಮುಳ್ಳಿರುತ್ತದೆ. ಬೆರಳಿನ ಬದಲು ಹತ್ತಿಯ ಉಂಡೆಯನ್ನು ಟೈರಿನ ಒಳಗೆ ಸವರಿ. ಗಾಜಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ನಿಮ್ಮದು ತೆಳು ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಪರ್ಸಿನಲ್ಲಿರಲಿ, ಅದಿದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು.

ಕಣ್ಣಿಗೆ ಬೀಳದ ನೀರೂ ಒಂದಿದೆ. ಹಿಂದಿನ ಚಕ್ರ ಎರಚಿದ್ದು ಸೀಟಿನ ಕಂಬದ ಸೀಳಿನಿಂದ ಫ್ರೇಮಿನೊಳಗೆ ಇಳಿದು, ಪೆಡಲ್ ಬೇರಿಂಗಿನ ಮೇಲೆ ನಿಲ್ಲುತ್ತದೆ. ಹಳೆ ಟ್ಯೂಬಿನ ಮೂರು ಇಂಚಿನ ತುಂಡನ್ನು ಸೀಟಿನ ಕಂಬಕ್ಕೆ ತೊಡಿಸಿ ಆ ಸೀಳು ಮುಚ್ಚುವಂತೆ ಕೆಳಗೆಳೆಯಿರಿ. ತಿಂಗಳಿಗೊಮ್ಮೆ ಕಂಬದ ಎತ್ತರಕ್ಕೆ ಇನ್ಸುಲೇಷನ್ ಟೇಪ್ ಗುರುತು ಹಾಕಿ ಹೊರತೆಗೆದು, ಸೈಕಲ್ಲನ್ನು ತಲೆಕೆಳಗು ಮಾಡಿ ನೀರು ಬಸಿದು, ಗ್ರೀಸು ಸವರಿ ವಾಪಸ್ ಹಾಕಿ. ಉಕ್ಕಿನ ಫ್ರೇಮಿಗೆ ಅಲ್ಯೂಮಿನಿಯಂ ಕಂಬವಿದ್ದರೆ ಗ್ರೀಸಿಲ್ಲದೆ ಎರಡು ಮಳೆಗಾಲ ಬಿಟ್ಟರೆ ಕಚ್ಚಿಕೊಂಡು, ತೆಗೆಯಲು ಗರಗಸವೇ ಬೇಕಾಗಬಹುದು. ಕಾರ್ಬನ್ ಕಂಬಕ್ಕೆ ಮಾತ್ರ ಗ್ರೀಸು ಬೇಡ, ಅದಕ್ಕೆಂದೇ ಬರುವ ಪೇಸ್ಟ್ ಬೇರೆ.

ರಸ್ತೆಯಲ್ಲಿ ಜಾರಿಸುವವು ಜೀಬ್ರಾ ಪಟ್ಟೆಯ ಪೇಂಟು, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕಾಮಗಾರಿಯ ಕಬ್ಬಿಣದ ತಗಡು, ಬಸ್ ಸ್ಟಾಪಿನ ಮುಂದಿನ ಡೀಸೆಲ್. ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ದಾಟಿ. ನಿಂತ ನೀರಿನ ತಳ ಕಾಣದಿದ್ದರೆ ಇಳಿದು ಸುತ್ತಿಕೊಂಡು ಹೋಗಿ. ಬಾಯ್ದೆರೆದ ಚರಂಡಿ ಮೇಲಿನಿಂದ ಗೊತ್ತಾಗುವುದಿಲ್ಲ. ಬಟ್ಟೆಯ ಮಟ್ಟಿಗೆ ಹೇಳುವುದು ಕಡಿಮೆ: ಕಾಟನ್ ಬೇಡ, ಪಾಲಿಯೆಸ್ಟರ್ ಟೀ ಶರ್ಟು, ಆಫೀಸಿನಲ್ಲಿ ಒಂದು ಜೊತೆ ಒಣಬಟ್ಟೆ. ನೆನೆದ ಶೂವಿಗೆ ನ್ಯೂಸ್‌ಪೇಪರ್ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಂತಾಗುತ್ತದೆ.

ಬೆಂಗಳೂರಿನಲ್ಲಿ ಅಕ್ಟೋಬರಿನಲ್ಲೂ ಜೋರು ಮಳೆ ಇರುವುದರಿಂದ ಹಬ್ಬು ಬಿಚ್ಚುವುದನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ನಡುವೆ ಹಬ್ಬು ಮುಳುಗುವಷ್ಟು ನೀರಿನಲ್ಲಿ ಹಾದಿದ್ದರೆ ಮಾತ್ರ ಆಗಲೇ ಬಿಚ್ಚಿ. ಕಪ್-ಕೋನ್ ಹಬ್ಬಾದರೆ, ಅಂದರೆ ಬಟ್ಟಲಿಗೂ ಬಿಗಿಯುವ ಕೋನಿಗೂ ನಡುವೆ ಬಿಡಿ ಗುಂಡುಗಳಿರುವಂಥದ್ದಾದರೆ, ಸಾಮಾನ್ಯವಾಗಿ ಮುಂದೆ ಪ್ರತಿ ಬದಿಗೆ 3/16 ಇಂಚಿನ ಹತ್ತು ಗುಂಡು, ಹಿಂದೆ 1/4 ಇಂಚಿನ ಒಂಬತ್ತು. ಎಣಿಸಿ ತೆಗೆಯಿರಿ, ಹಳೆಯವನ್ನು ತೊಳೆದು ಹಾಕುವ ಬದಲು ಹೊಸವನ್ನೇ ಹಾಕಿ, ಅವುಗಳಿಗೇನೂ ಹೆಚ್ಚು ಬೆಲೆಯಿಲ್ಲ. ಗ್ರೀಸು ಧಾರಾಳವಾಗಿರಲಿ. ಕೋನನ್ನು ಬಿಗಿಯುವಾಗ ಆಕ್ಸಲ್ (ಹಬ್ಬಿನ ನಡುವಿನ ಕಂಬಿ) ಕೂದಲೆಳೆಯಷ್ಟು ಅಲ್ಲಾಡುವಂತೆ ಬಿಡಿ. ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಲಿವರ್ ಒತ್ತಿದಾಗ ಆ ಸಡಿಲ ಹೋಗಿ ಚಕ್ರ ಸರಾಗವಾಗಿ ತಿರುಗುತ್ತದೆ. ಕೈಯಲ್ಲೇ ಪೂರ್ತಿ ಬಿಗಿದರೆ ಲಿವರ್ ಹಾಕಿದ ಮೇಲೆ ಗುಂಡುಗಳು ಕಪ್ಪನ್ನು ಕೊರೆಯುತ್ತವೆ.