‘ನಮ್ಮ ಕ್ಲಾಸಿನಲ್ಲಿ ಯಾರಿಲ್ಲ?’: ಮಕ್ಕಳಿಗೆ ಹಕ್ಕುಗಳ ಪಾಠ ಮಾಡಿದ ನನ್ನ ಅನುಭವ

ಕಾರವಾರ ಮತ್ತು ಅಂಕೋಲಾ ನಡುವೆ, ಕಡಲ ಬದಿಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಆರು ಮತ್ತು ಏಳನೇ ಕ್ಲಾಸಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೀನುಗಾರರ ಮಕ್ಕಳಿದ್ದಾರೆ, ಹಾಲಕ್ಕಿ ಒಕ್ಕಲಿಗರ ಕೇರಿಯ ಮಕ್ಕಳಿದ್ದಾರೆ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಬಂದವರ ಮೊಮ್ಮಕ್ಕಳಿದ್ದಾರೆ. ಕಟ್ಟಡ ಕೆಲಸಕ್ಕೆ ವಿಜಯಪುರ, ಗದಗದ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಮಾನವ ಹಕ್ಕು, ಜಾಗತಿಕ ಪೌರತ್ವ ಅನ್ನುವ ದೊಡ್ಡ ಹೆಸರಿನ ವಿಷಯವನ್ನು ಇಷ್ಟು ಚಿಕ್ಕವರಿಗೆ ಹೇಗೆ ಕಲಿಸ್ತೀರಿ ಅಂತ ಬೇರೆ ಶಾಲೆಯ ಅಕ್ಕೋರು, ಮಾಸ್ತರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ನಾನು ‘ನಿಮ್ಮ ಹಕ್ಕುಗಳು ಯಾವುವು?’ ಅಂತ ಪಾಠ ಶುರು ಮಾಡುವುದಿಲ್ಲ. ಹಾಗೆ ಕೇಳಿದರೆ ಮಕ್ಕಳು ಪುಸ್ತಕದಲ್ಲಿರುವ ಆರು ಮೂಲಭೂತ ಹಕ್ಕುಗಳನ್ನು ಗಡಗಡ ಒಪ್ಪಿಸಿ ಕೂತುಬಿಡುತ್ತಾರೆ, ಮುಂದೆ ಮಾತೇ ಬೆಳೆಯುವುದಿಲ್ಲ. ಅದರ ಬದಲು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ. ನಮ್ಮ ಕ್ಲಾಸಿನಲ್ಲಿ ಇರಬೇಕಾದವರಲ್ಲಿ ಯಾರಿಲ್ಲ?

ಮೊದಲು ಅವತ್ತು ಗೈರಾದವರ ಹೆಸರು ಬರುತ್ತದೆ. ಜ್ವರ ಬಂದವನು, ಅಜ್ಜಿ ಮನೆಗೆ ಹೋದವಳು. ಸುಮ್ನೆ ಕಾಯಬೇಕು. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು, ಐದನೇ ಕ್ಲಾಸು ಮುಗಿಸಿ ಬೋಟಿಗೆ ಹೋಗತೊಡಗಿದ ಹುಡುಗನ ಹೆಸರು ಹೇಳುತ್ತಾರೆ. ಇನ್ನೊಬ್ಬರು ನಡೆಯಲಾಗದೆ ಮನೆಯಲ್ಲೇ ಇರುವ ಹುಡುಗನನ್ನು ನೆನಪಿಸಿಕೊಳ್ಳುತ್ತಾರೆ. ಒಂದು ವರ್ಷ ಒಬ್ಬಳು ಎದ್ದು ನಿಂತು, ‘ಅಕ್ಕೋರೇ, ಬೋಟು ನಿಲ್ಲುವ ದಕ್ಕೆ ಹತ್ತಿರ ಒಂದು ಹುಡುಗಿ ಯಾವಾಗಲೂ ತಮ್ಮನನ್ನು ಎತ್ತಿಕೊಂಡು ಕೂತಿರ್ತಾಳೆ, ಅವಳು ಲೆಕ್ಕಕ್ಕೆ ಬರ್ತಾಳಾ?’ ಅಂತ ಕೇಳಿದಳು.

ಆ ಹುಡುಗಿಯ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಇವು ಇಲ್ಲದೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಅದು ಸರಿಯಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ಬರುವುದು ತಡವಾದರೂ ಹಾಗೇ. ಓದು ನಡುವೆ ನಿಂತಿದ್ದರೆ ಮಗುವನ್ನು ಅದರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ, ಬೇಕಾದ ವಿಶೇಷ ತರಬೇತಿ ಕೊಡಬೇಕು. ಇವು 14, 5 ಮತ್ತು 4ನೇ ಕಲಂಗಳು. ಇವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆವು. ಮಕ್ಕಳು ಕಾಯ್ದೆಯೊಂದನ್ನು ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ನಾನು ಆಮೇಲೆ ಹೆಚ್ಚು ಸಲ ನೋಡಿಲ್ಲ. ಅವರಿಗೆ ಗೊತ್ತಿರುವ ಒಬ್ಬಳ ಬಗ್ಗೆಯೇ ಬರೆದ ಹಾಗಿತ್ತಲ್ಲ.

ಪ್ರವೇಶವೇನೋ ಆಯಿತು. ಆದರೆ ತಮ್ಮನನ್ನು ನೋಡಿಕೊಳ್ಳುವವರು ಯಾರು? ಅವನನ್ನು ಅಂಗನವಾಡಿಗೆ ಸೇರಿಸುವ ತನಕ ಅವಳು ದಿನ ಬಿಟ್ಟು ದಿನ ಬರುತ್ತಿದ್ದಳು. ಒಬ್ಬಳ ಓದು ಇನ್ನೊಂದು ಮಗುವಿನ ಆರೈಕೆಗೆ ಕಟ್ಟಿಕೊಂಡಿರುತ್ತದೆ ಅನ್ನುವುದನ್ನು ನನ್ನ ಮಕ್ಕಳು ಕಣ್ಣಾರೆ ನೋಡಿದರು. ಹಕ್ಕುಗಳು ಒಂದಕ್ಕೊಂದು ಸೇರಿಕೊಂಡಿವೆ ಅಂತ ತರಬೇತಿಗಳಲ್ಲಿ ನಮಗೆ ಹೇಳುತ್ತಾರಲ್ವಾ, ಅದನ್ನು ನಾನು ಇವರಿಗೆ ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಆಮೇಲೆ ಅವಳ ಲಂಬಾಣಿ ಮಾತಿಗೆ ಕೆಲವರು ನಕ್ಕರು. ನಾನು ಬೈಯಲಿಲ್ಲ. ಒಂದನೇ ಕ್ಲಾಸಿನ ಮೊದಲ ವಾರ ನಿಮಗೆ ಹೇಗಿತ್ತು, ಹೇಳಿ ಅಂದೆ. ನಮ್ಮಲ್ಲಿ ಮುಕ್ಕಾಲುಪಾಲು ಮನೆಗಳಲ್ಲಿ ಕೊಂಕಣಿ. ಶಾಲೆಯ ಕನ್ನಡ ಅರ್ಥವಾಗದೆ ಅತ್ತವರು, ಮೂತ್ರಕ್ಕೆ ಹೋಗಬೇಕು ಅಂತ ಕೇಳಲು ಗೊತ್ತಾಗದೆ ಕೂತಿದ್ದವರು, ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. ಆಗ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಬಗ್ಗೆ ಹೇಳಿದೆ. ವಿಶ್ವಸಂಸ್ಥೆ ಅದನ್ನು ಒಪ್ಪಿಕೊಂಡದ್ದು 1989ರ ನವೆಂಬರ್ 20ರಂದು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. ಅದರ 30ನೇ ವಿಧಿಯ ಪ್ರಕಾರ, ಕಡಿಮೆ ಜನ ಆಡುವ ಭಾಷೆಯ ಮನೆಯಲ್ಲಿ ಹುಟ್ಟಿದ ಮಗುವಿಗೂ ತನ್ನ ಮಾತನ್ನು ಆಡುವ ಹಕ್ಕಿದೆ.

ಇಷ್ಟಾದ ಮೇಲೆಯೇ ನಾನು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಬರುವುದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಅದನ್ನು ಒಪ್ಪಿಕೊಂಡಿತು. ಒಟ್ಟು 30 ವಿಧಿಗಳು. ಕನ್ನಡದಲ್ಲೂ ಸಿಗುತ್ತದೆ. ಆದರೆ ಆ ಕನ್ನಡ ಮಕ್ಕಳಿಗೆ ಕಷ್ಟ. ಹಾಗಾಗಿ ಪ್ರತಿ ವಿಧಿಯನ್ನೂ ಒಂದೆರಡು ಸಾಲಿನಲ್ಲಿ ನಾನೇ ಸರಳವಾಗಿ ಬರೆದು, ಚೀಟಿ ಮಾಡಿ ಹಂಚುತ್ತೇನೆ. ಚೀಟಿ ಸಿಕ್ಕವರು ತಮ್ಮ ಓಣಿಯಲ್ಲಿ, ಮನೆಯಲ್ಲಿ ಆ ಮಾತು ಎಲ್ಲಿ ನಡೆಯುತ್ತಿದೆ, ಎಲ್ಲಿ ನಡೆಯುತ್ತಿಲ್ಲ ಅಂತ ನೋಡಿಕೊಂಡು ಬರಬೇಕು. ಒಂದು ವಾರ ಸಮಯ.

ದುಡಿಯುವವರಿಗೆ ವಿಶ್ರಾಂತಿ ಮತ್ತು ರಜೆ ಬೇಕು ಅನ್ನುವುದು 24ನೇ ವಿಧಿ. ಅದು ಸಿಕ್ಕ ಹುಡುಗಿ ಬರೆದುಕೊಂಡು ಬಂದದ್ದು ಹೀಗೆ. ಅಪ್ಪನಿಗೆ ಮಳೆಗಾಲದ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕೆಲಸ ಇಲ್ಲ, ದುಡ್ಡೂ ಇಲ್ಲ. ಅಮ್ಮ ಬೆಳಗ್ಗೆ ಬುಟ್ಟಿ ಹೊತ್ತು ಮೀನು ಮಾರಲು ಹೋಗುತ್ತಾಳೆ, ಬಂದು ಅಡಿಗೆ ಮಾಡುತ್ತಾಳೆ, ಅವಳಿಗೆ ಯಾವ ತಿಂಗಳೂ ರಜೆ ಇಲ್ಲ. ಇದರ ಮೇಲೆ ಇಡೀ ಒಂದು ಪೀರಿಯಡ್ ಚರ್ಚೆಯಾಯಿತು. ಗಂಡು ಹುಡುಗರು ಮೊದಲು ಒಪ್ಪಲಿಲ್ಲ. ಭಾನುವಾರ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಅಂತ ಹುಡುಗಿಯರೇ ಕೇಳಿದ ಮೇಲೆ ಮಾತಿನ ಧಾಟಿ ಬದಲಾಯಿತು.

17ನೇ ವಿಧಿ ಆಸ್ತಿಯ ಹಕ್ಕಿನದು. ನಮ್ಮ ಕಡೆ ಅದನ್ನು ಓದಿದರೆ ಸೀಬರ್ಡ್ ನೆನಪಾಗದೆ ಇರುವುದಿಲ್ಲ. 1986ರಲ್ಲಿ ಆ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಹಲವು ಊರುಗಳು ಖಾಲಿಯಾದವು, ಪರಿಹಾರಕ್ಕಾಗಿ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಕೇಳಿ ಬರೆದುಕೊಂಡು ಬಂದರು. ಬಿಟ್ಟು ಬಂದ ಬಾವಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಮನೆ ಎದುರಿನ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಜಾಗ. ದೇಶಕ್ಕೆ ನೌಕಾನೆಲೆ ಬೇಕಿತ್ತೋ ಬೇಡವೋ ಅಂತ ನಾನು ತೀರ್ಪು ಕೊಡುವುದಿಲ್ಲ. ದೇಶದ ರಕ್ಷಣೆ, ಅಜ್ಜಿಯ ನಷ್ಟ, ಎರಡನ್ನೂ ಬೋರ್ಡಿನ ಮೇಲೆ ಬರೆದು, ಎರಡನ್ನೂ ಅಳಿಸದೆ ಬಿಡುತ್ತೇನೆ. ಒಬ್ಬ ಹುಡುಗ ಕೇಳಿದ, ‘ಊರು ಬಿಡೋ ಮೊದಲು ಅಜ್ಜಿ ಹತ್ತಿರ ಯಾರಾದರೂ ಏನಾದರೂ ಕೇಳಿದ್ರಾ?’ ಪಾಠ ಮುಟ್ಟಬೇಕಾದ ಕಡೆ ಮುಟ್ಟಿದೆ ಅಂತ ನನಗೆ ಅನ್ನಿಸುವುದು ಇಂಥ ಪ್ರಶ್ನೆ ಬಂದಾಗ.

ಅದರ ಪಕ್ಕದಲ್ಲೇ ಮುಂಡಗೋಡದ ಟಿಬೆಟಿಯನ್ನರ ಕಥೆ ಹೇಳುತ್ತೇನೆ. 1959ರ ನಂತರ ತಮ್ಮ ದೇಶ ಬಿಟ್ಟು ಬಂದವರಿಗೆ 1960ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ನೆಲ ಸಿಕ್ಕಿತು. ಅಪಾಯದಲ್ಲಿರುವವರು ಬೇರೆ ದೇಶದಲ್ಲಿ ಆಶ್ರಯ ಕೇಳಬಹುದು ಅನ್ನುವ 14ನೇ ವಿಧಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ. ಯಲ್ಲಾಪುರ, ಹಳಿಯಾಳ ಕಾಡಂಚಿನ ಸಿದ್ದಿಗಳ ಪೂರ್ವಜರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಅಂತ ಹೇಳಿದಾಗ ಗುಲಾಮಗಿರಿ ವಿರುದ್ಧದ 4ನೇ ವಿಧಿ ಎಲ್ಲೋ ದೂರದ್ದು ಅನ್ನಿಸುವುದಿಲ್ಲ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಮಕ್ಕಳಿಗೆ ಅದು ಅಷ್ಟು ತಡವಾಯಿತಾ ಅಂತ ಆಶ್ಚರ್ಯ.

ಈಗ ಜಾಗತಿಕ ಪೌರತ್ವ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಅನ್ನುವ ಅಂಶ ಇದೇ ವಿಷಯದ್ದು. ಸಾಮಾನ್ಯವಾಗಿ ಶಾಲೆಗಳಲ್ಲಿ ಇದು ಬೇರೆ ಬೇರೆ ದೇಶಗಳ ವೇಷ ಹಾಕಿ, ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುವುದರಲ್ಲಿ ಮುಗಿಯುತ್ತದೆ. ಅದರಿಂದ ಮಕ್ಕಳು ಕಲಿಯುವುದು ಬಹಳ ಕಡಿಮೆ ಅಂತ ನನ್ನ ಅಭಿಪ್ರಾಯ.

ನಾವು ದೊಡ್ಡ ಭೂಪಟವೊಂದನ್ನು ಗೋಡೆಗೆ ಅಂಟಿಸಿ ಎರಡು ಬಣ್ಣದ ದಾರ ಇಟ್ಟುಕೊಂಡೆವು. ನಮ್ಮೂರಿನಿಂದ ದುಡಿಯಲು ಹೋದವರಿಗೆ ಕೆಂಪು ದಾರ. ಗೋವಾ, ಮುಂಬೈ, ಮಸ್ಕತ್, ಕುವೈತ್, ಹಡಗಿನಲ್ಲಿ ಕೆಲಸ ಮಾಡುವವರಿಗೆ ಸಮುದ್ರದ ನಡುವೆ ಒಂದು ಪಿನ್ನು. ನಮ್ಮೂರಿಗೆ ದುಡಿಯಲು ಬಂದವರಿಗೆ ನೀಲಿ ದಾರ. ವಿಜಯಪುರ, ಒಡಿಶಾ, ಜಾರ್ಖಂಡ್. ಕೆಂಪು ದಾರ ಹಚ್ಚುವಾಗ ಎಲ್ಲರಿಗೂ ಉತ್ಸಾಹ, ಕಥೆಗಳು ಜಾಸ್ತಿ. ಗಲ್ಫ್‌ನಲ್ಲಿರುವ ಮಾವನ ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇದೆ, ರಜೆ ಸಿಗದೆ ಅಕ್ಕನ ಮದುವೆಗೂ ಬರಲಿಲ್ಲ ಅಂತ ಒಬ್ಬಳು ಹೇಳಿದಾಗ ಕ್ಲಾಸಿಗೆ ಕ್ಲಾಸೇ ಸಿಟ್ಟಾಯಿತು. ಅದು ಅನ್ಯಾಯ ಅಂತ ಎಲ್ಲರೂ ಒಪ್ಪಿದರು. ಆಗ ನೀಲಿ ದಾರದ ಸರದಿ. ನಮ್ಮ ಬೋಟುಗಳಲ್ಲಿ ದುಡಿಯುವ ಒಡಿಶಾದ ಹುಡುಗರು ಎಲ್ಲಿ ಮಲಗುತ್ತಾರೆ, ಶೌಚಕ್ಕೆ ಎಲ್ಲಿ ಹೋಗುತ್ತಾರೆ, ಹುಷಾರು ತಪ್ಪಿದರೆ ಯಾರು ನೋಡುತ್ತಾರೆ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ದಿನಾ ಅವರನ್ನು ನೋಡುವ ಮಕ್ಕಳು ಇವರು. ಮಾವನ ಕಥೆ ಹೇಳಿದ ಆ ಹುಡುಗಿಯೇ, ‘ಅವರ ಮನೆಯಲ್ಲೂ ಫೋನಿಗೆ ಕಾಯ್ತಾ ಕೂತವರು ಇರ್ತಾರಲ್ಲ’ ಅಂದಳು. ಮಸ್ಕತ್‌ನಲ್ಲಿ ನಮ್ಮವರಿಗೆ ಏನು ಸಿಗಬೇಕು ಅಂತ ಬಯಸುತ್ತೇವೋ ಅದನ್ನು ನಮ್ಮ ದಕ್ಕೆಯಲ್ಲಿ ಬೇರೆಯವರಿಗೆ ಕೊಡುತ್ತಿದ್ದೇವಾ? ಜಾಗತಿಕ ಪೌರತ್ವ ಅಂದರೆ ನನ್ನ ಮಟ್ಟಿಗೆ ಇದೇ ಪ್ರಶ್ನೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇದು ಬೇರೆ ರೂಪದಲ್ಲಿ ಬಂತು. ಹೆದ್ದಾರಿ ಬದಿಯಲ್ಲಿದ್ದವರು ಜೀವ ಕಳೆದುಕೊಂಡರು, ಮಣ್ಣು ಗಂಗಾವಳಿ ನದಿಗೆ ಬಿದ್ದು ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳು ಹಾಳಾದವು. ಕುಸಿತದಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕನ ಸುದ್ದಿ ವಾರಗಟ್ಟಲೆ ಟಿವಿಯಲ್ಲಿ ಬಂತು. ‘ನಮ್ಮವರ ಸುದ್ದಿ ಯಾಕೆ ಅಷ್ಟು ಬರಲಿಲ್ಲ?’ ಅಂತ ಮಕ್ಕಳು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಅದು ಕೇರಳದವರ ಮೇಲಿನ ಸಿಟ್ಟಾಗಲು ನಾನು ಬಿಡಲಿಲ್ಲ. ಅವನಿಗಾಗಿ ಒಂದು ರಾಜ್ಯವೇ ಬಂದು ನಿಂತದ್ದು ತಪ್ಪಾ, ಅಥವಾ ಎಲ್ಲರಿಗಾಗಿಯೂ ಹಾಗೆ ನಿಲ್ಲದಿದ್ದದ್ದು ತಪ್ಪಾ ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಿದರು. ಗುಡ್ಡವನ್ನು ಹಾಗೆ ಕಡಿದು ರಸ್ತೆ ಮಾಡಬಹುದಾ ಅನ್ನುವಲ್ಲಿಗೂ ಮಾತು ಹೋಯಿತು.

ಹಕ್ಕು ಕಲಿಸಿದರೆ ಮಕ್ಕಳು ಮಾತು ಕೇಳುವುದಿಲ್ಲ, ಕರ್ತವ್ಯ ಮೊದಲು ಕಲಿಸಿ ಅನ್ನುವವರು ಬಹಳ ಮಂದಿ. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನು ನಾನೂ ಕಲಿಸುತ್ತೇನೆ, ಇಷ್ಟಪಟ್ಟೇ ಕಲಿಸುತ್ತೇನೆ. ಆದರೆ ಹಕ್ಕು ಅನ್ನುವುದು ಕರ್ತವ್ಯ ಮುಗಿಸಿದವರಿಗೆ ಕೊಡುವ ಸಂಬಳ ಅಲ್ಲ. ಹೋಂವರ್ಕ್ ಮಾಡದ ಮಗುವಿಗೂ ಹೊಡೆಸಿಕೊಳ್ಳದೆ ಇರುವ ಹಕ್ಕಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೈಯಲ್ಲಿ ಬೆತ್ತ ಹಿಡಿದು ಈ ಪಾಠ ಮಾಡಲು ಆಗುವುದಿಲ್ಲ, ಮಾಡಿದರೂ ಮಕ್ಕಳು ನಂಬುವುದಿಲ್ಲ. ಇನ್ನು, ಪ್ರಶ್ನೆ ಕೇಳುವುದು ಉದ್ಧಟತನ ಅನ್ನುವುದಾದರೆ, 1930ರಲ್ಲಿ ಉಪ್ಪಿನ ಕಾಯ್ದೆ ಮುರಿದ ಅಂಕೋಲೆಯ ಬಗ್ಗೆ ನಾವು ಹೆಮ್ಮೆಪಡುವುದು ಯಾಕೆ?

ಶುರು ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಈ ಪಾಠದ ನಡುವೆ ಯಾವುದಾದರೂ ಮಗು ತನ್ನ ಮೇಲೆ ನಡೆದ ದೌರ್ಜನ್ಯ ಹೇಳಿಕೊಳ್ಳಬಹುದು. ಆ ದಿನಕ್ಕೆ ಮೊದಲೇ ಸಿದ್ಧರಾಗಿರಿ. ಎಲ್ಲರೆದುರು ಕೆದಕಬೇಡಿ, ನೀವೇ ತನಿಖೆಗೆ ಇಳಿಯಬೇಡಿ, ಮನೆಯವರನ್ನು ಕರೆಸಿ ರಾಜಿ ಮಾಡಿಸಲು ಹೋಗಬೇಡಿ. ಮಗುವಿನ ಮಾತನ್ನು ನಂಬಿ ಕೇಳಿ. 1098 ಮಕ್ಕಳ ಸಹಾಯವಾಣಿ, ಉಚಿತ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಅದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಆ ನಂಬರನ್ನು ಹೆಡ್‌ಮಾಸ್ತರ ಕೋಣೆಯಲ್ಲಿ ಅಲ್ಲ, ಮಕ್ಕಳು ಒಬ್ಬರೇ ನಿಂತು ನೋಡಬಹುದಾದ ಕಡೆ ಬರೆಸಿ.

ಇದೆಲ್ಲ ಕೊನೆಗೆ ಹೋಗಿ ಸೇರುವ ಜಾಗ ಮಕ್ಕಳ ಗ್ರಾಮಸಭೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸು, ಇದನ್ನು ನಡೆಸಬೇಕು. ಎಷ್ಟೋ ಕಡೆ ಭಾಷಣ, ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಮಕ್ಕಳು ಬೇಡಿಕೆಗಳನ್ನು ಮುಂಚೆಯೇ ಬರೆದು, ಯಾರು ಯಾವುದನ್ನು ಓದುವುದು ಅಂತ ತಾವೇ ನಿರ್ಧರಿಸಿ ಹೋಗುತ್ತಾರೆ. ಶಾಲೆಯ ಶೌಚಾಲಯಕ್ಕೆ ನೀರು, ಕೇರಿಯ ದಾರಿಗೆ ದೀಪ. ಇವೆರಡೂ ಆದವು. ದಾರದ ಪಾಠ ಆದ ವರ್ಷ ಏಳನೇ ಕ್ಲಾಸಿನವರು ಇನ್ನೊಂದು ಸೇರಿಸಿದರು. ದಕ್ಕೆಯಲ್ಲಿ ಬೋಟು ಕೆಲಸಗಾರರಿಗೆ ಶೌಚಾಲಯ ಬೇಕು. ಅವರು ನಮ್ಮೂರಿನವರಲ್ಲವಲ್ಲ ಅಂತ ಸಭೆಯಲ್ಲಿದ್ದ ಹಿರಿಯರೊಬ್ಬರು ಅಂದರು. ‘ಅವರು ಹಿಡಿದ ಬಂಗುಡೆ ನಾವು ತಿಂತೇವಲ್ಲ’ ಅಂದ ಹುಡುಗ ಕೂತುಕೊಳ್ಳಲಿಲ್ಲ, ಅದನ್ನು ನಡಾವಳಿಯಲ್ಲಿ ಬರೆಯುವ ತನಕ ನಿಂತೇ ಇದ್ದ.

ಶೌಚಾಲಯ ಇನ್ನೂ ಆಗಿಲ್ಲ. ಜಾಗ ಬಂದರು ಇಲಾಖೆಯದ್ದು, ಪಂಚಾಯ್ತಿಯದ್ದಲ್ಲ ಅನ್ನುವ ಉತ್ತರ ಬಂದಿದೆ. ಆ ಉತ್ತರದ ಪ್ರತಿ ಇಟ್ಟುಕೊಂಡಿದ್ದೇವೆ. ಇಲಾಖೆಗೆ ಬರೆಯುವ ಪತ್ರದ ಕರಡನ್ನು ಈಗಿನ ಆರನೇ ಕ್ಲಾಸು ಶುರು ಮಾಡಿದೆ.